ಏನಾದರೂ ಮಾತಾಡಿ

ಗಂಟಲು ಅನ್ನುವ ಮಾತಿನೊಳಗೇ ಒಂದು ಗಂಟಿದೆ,
ನಮ್ಮ ನುಡಿಯಲ್ಲಿ. ಮೊಕ್ಪೊ ಬಂದರಿನ
ಮಾಲ್‌ಸುನ್‌ಗೆ ಅದು ಗೊತ್ತಿಲ್ಲ.
ಅವಳಿಗೆ ಗೊತ್ತಿರುವುದು ಹುಲ್ಲುಹುರಿಯ ಗಂಟು:
ಉಪ್ಪು ಹಾಕಿದ ಮೀನು ಹತ್ತು ಈ ಕಡೆ, ಹತ್ತು ಆ ಕಡೆ,
ನಡುವೆ ಬಿಗಿದು, ತೂಗುಹಾಕಿ,
ಕಡಲಗಾಳಿಯ ಪಾಲಿಗೆ ಬಿಡುವುದು.
ಅರವತ್ತಾರು ವರ್ಷ. ಅಂಗಡಿಗೆ ಬೋರ್ಡಿಲ್ಲ.
ಕೂಗೇ ಬೋರ್ಡು.

ಮೊದಲು ಕಂಡದ್ದು ಯಾರೋ ಗಿರಾಕಿಗೆ:
"ಮುಳ್ಳಲ್ಲ ಕಣಮ್ಮ, ಇಡೀ ಮೀನೇ ಸಿಕ್ಕಿಕೊಂಡಿದೆ!"
ನಕ್ಕಳು. ಎಂಜಲು ನುಂಗಿದರೆ
ಅದೂ ಮೇಲೆದ್ದು, ಮತ್ತೆ ಕೂತಿತು.
ಎರಡು ಸಲ ಚುಚ್ಚಿ ನೋಡಿದರು. ಕೇಡಿನದಲ್ಲ.
ಆದರೆ ನಾಲ್ಕು ಸೆಂಟಿಮೀಟರ್,
ಅಂಗಾತ ಮಲಗಲು ಬಿಡದು.

ಕುಯ್ಯುವುದು ಬೇಡ ಎಂದಳು.
ಚಾಕುವಿನ ಭಯವಲ್ಲ, ಹಗಲೆಲ್ಲ ಹಿಡಿಯುವುದು ಅದನ್ನೇ.
ಅಕ್ಕ ಒಕ್‌ಬುನ್ ಇದ್ದಾಳಲ್ಲ,
ಎರಡು ಅಂಗಡಿ ಆಚೆ,
ಅವಳು ಕೂಗಿದರೆ ದೋಣಿಯವರು ತಿರುಗಿ ನೋಡುತ್ತಿದ್ದರು.
ಇಪ್ಪತ್ತೆರಡು ವರ್ಷದ ಹಿಂದೆ ಕುಯ್ಸಿಕೊಂಡಳು.
ಗಂಟು ಹೋಯಿತು, ದನಿಯೂ ಹೋಯಿತು, ಪಿಸುಮಾತು ಉಳಿಯಿತು.
ಬೆಳಗೆದ್ದರೆ ಮಾತ್ರೆ, ಕತ್ತಿಗೊಂದು ಹಸಿರು ವಸ್ತ್ರ.
ಮಿಕ್ಕದ್ದಕ್ಕೆ ಚಪ್ಪಾಳೆ:
ಒಂದು ಅಂದರೆ ಬಾ, ಎರಡು ಅಂದರೆ ಸಾಕು.
ಎಲ್ಲರಿಗೂ ಹಾಗಾಗದು ಎಂದರು ಊರಿನ ಡಾಕ್ಟರು.
ಎಲ್ಲರೂ ನನ್ನ ಅಕ್ಕನಲ್ಲ ಎಂದಳು ಇವಳು.

ಗ್ವಾಂಗ್‌ಜುವಿಗೆ ಬಸ್ಸು. ಡಾಕ್ಟರ್ ಬಾನ್,
ಮಗಳ ವಯಸ್ಸಿನವಳು, ತಣ್ಣನೆ ಜೆಲ್ ಸವರಿ,
ಮರಗಟ್ಟುವ ಮದ್ದು ಕೊಟ್ಟು,
ದನಿಯ ನರದ ಪಕ್ಕ ಸಕ್ಕರೆನೀರು ಹರಿಸಿ
(ಬೆಂಕಿಗೂ ಬೇಲಿಗೂ ನಡುವೆ ಕಾಲುವೆ ತೋಡಿದ ಹಾಗೆ)
ಸೂಜಿ ಇಳಿಸಿದಳು.
ಪರದೆಯಲ್ಲಿ ಕಪ್ಪು ಗಂಟು, ಸೂಜಿಯ ತುದಿಗೆ ಬಿಳಿ ನೊರೆ.
ಎಲ್ಲೋ ಬಾಣಲೆ ಚಿಟಪಟ. ಬಾಣಲೆ ತನ್ನದೇ ಕೊರಳು.
ಬಿಸಿ ಕಿವಿಗೆ ಹತ್ತಿ ಹಲ್ಲಿಗೆ ಇಳಿಯಿತು.
ಕೈ ಎತ್ತಿದಳು. ನಿಲ್ಲಿಸಿದರು.
"ಏನಾದರೂ ಮಾತಾಡಿ. ದನಿ ನೋಡಬೇಕು."

ಏನಾದರೂ ಅಂದರೆ?
ಮೀನಿನ ದರ ಹೇಳಿದಳು, ದೊಡ್ಡದಕ್ಕಿಷ್ಟು, ಸಣ್ಣದಕ್ಕಿಷ್ಟು.
"ಚೆನ್ನಾಗಿದೆ." ಮತ್ತೆ ಬಿಸಿ. ಮತ್ತೆ ನಿಲುಗಡೆ.
"ಮಾತಾಡಿ." ಬಸ್ಸಿನ ನಂಬರು ಹೇಳಿದಳು.
ಮೂರನೆಯ ಸಲಕ್ಕೆ ಸರಕು ಮುಗಿದಿತ್ತು.

"ಅಕ್ಕನ ದನಿ ಹೋದ ವರ್ಷ
ಅವಳ ಗಿರಾಕಿಗಳೆಲ್ಲ ನನ್ನ ಕಡೆ ಬಂದರು.
ತಾವಾಗಿ ಬರಲಿಲ್ಲ. ಕರೆದೆ.
ಅವಳು ಕೂಗುವ ರಾಗದಲ್ಲೇ ಕರೆದೆ,
ಕಣ್ಣು ಮುಚ್ಚಿದರೆ ಅವಳೇ ಅನ್ನಬೇಕು.
ಎರಡು ಅಂಗಡಿ ಆಚೆ ಕೂತು
ಅವಳು ಕೇಳಿಸಿಕೊಂಡಳು."

ಡಾಕ್ಟರ್ ಬಾನ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.
"ದನಿ ಚೆನ್ನಾಗಿದೆ, ಒಡಕಿಲ್ಲ.
ಸ್ವಲ್ಪ ಅಂಚು ಉಳಿದಿದೆ, ಅಷ್ಟೇ."

ಐದನೆಯ ಹೆಣ್ಣು. ಸಾಕಪ್ಪಾ ಎಂದು ಇಟ್ಟ ಹೆಸರು ಅವಳದು.
ಅವರ ನುಡಿಯಲ್ಲಿ ಮಾಲ್ ಎಂದರೆ ಕೊನೆ.
ಮಾಲ್ ಎಂದರೆ ಮಾತು ಕೂಡ.
ನಮ್ಮಲ್ಲಾದರೆ, ಮಾರುವ ಸರಕು.

ಎರಡು ಗಂಟೆ ಐಸಿನ ಚೀಲ, ಒಂದು ಚೂರು ಪಟ್ಟಿ, ವಾಪಸು ಬಸ್ಸು.
"ಹೋಯ್ತಾ?" ಅಂತ ಮಾರುಕಟ್ಟೆ ಕೇಳಿತು.
ಇಲ್ಲ, ಒಣಗುತ್ತಿದೆ.
ಮೀನೂ ಹಾಗೇ, ಹುರಿಯಲ್ಲಿ ಇದ್ದಲ್ಲೇ ಇರುತ್ತದೆ,
ತೂಕ ಇಳಿಯುತ್ತದೆ.
ಆರು ತಿಂಗಳಿಗೆ ಅರ್ಧವಂತೆ. ಆಮೇಲೆ ನೋಡೋಣವಂತೆ.

ಅಂದು ಸಂಜೆ ಅಕ್ಕ ಎರಡು ಬೆರಳಲ್ಲಿ ಒತ್ತಿ ನೋಡಿದಳು,
ಮೀನು ತಾಜಾ ಇದೆಯೋ ಎಂದು ಒತ್ತುವ ಹಾಗೆ.
"ಇನ್ನೂ ಇದೆ," ಪಿಸುಗುಟ್ಟಿದಳು.
"ಇದೆ," ಎಂದಳು ಮಾಲ್‌ಸುನ್. ಅಲ್ಲಿ ಹೇಳಿದ್ದನ್ನೇ
ಮತ್ತೆ ಹೇಳಲು ಹೊರಟಳು. ಈಗ ದನಿ ಒಡೆಯಿತು.

ಒಕ್‌ಬುನ್ ಒಂದು ಚಪ್ಪಾಳೆ ಹೊಡೆದಳು.
ಎರಡನೆಯದಕ್ಕೆ ಕೈ ಅಗಲಿಸಿ
ಹಾಗೇ ಹಿಡಿದಿದ್ದಳು.