ಸಾಕ್ಷ್ಯ ಲಗತ್ತಿಸಿದೆ

ಹೊರದೇಶದ ತಂಡ ಬರುತ್ತದೆಂದು ಇಪ್ಪತ್ತು ದಿನ
ನಮ್ಮ ಬಿ.ಇಡಿ. ಕಾಲೇಜು ಕಣ್ಣು ಮುಚ್ಚಲಿಲ್ಲ.
ಹಾಲೇಶಪ್ಪ ಏಣಿ ಹತ್ತಿ ಸುಣ್ಣ ಬಳಿದ,
ಬಿರುಕು ಬಿಟ್ಟ ಗ್ಲೋಬಿಗೆ ಗೋಂದು ಮೆತ್ತಿದ,
ಆಫ್ರಿಕಾ ಒಂದಿಷ್ಟು ಸಮುದ್ರದೊಳಕ್ಕೆ ಸರಿಯಿತು.
ನಾನು ಗುಣಮಟ್ಟ ಭರವಸೆ ಕೋಶದ ಸಂಚಾಲಕಿ,
ಗಣಿತ ಕಲಿಸುವುದು ಹೇಗೆಂದು ಕಲಿಸುವವಳು,
ಏಳು ಮಾನದಂಡಕ್ಕೆ ಏಳು ಬಣ್ಣದ ಫೈಲು ತಂದೆ
ಮಂಡಿಪೇಟೆಯಿಂದ, ರಸೀದಿ ಸಮೇತ.

ಎಲ್ಲಕ್ಕೂ ಸಾಕ್ಷ್ಯ ಬೇಕು.
ಗಿಡ ನೆಟ್ಟದ್ದಕ್ಕೆ ಫೋಟೊ, ಫೋಟೊದ ಮೇಲೆ ತಾರೀಖು,
ತಾರೀಖಿನ ಕೆಳಗೆ ಅಕ್ಷಾಂಶ ರೇಖಾಂಶ.
ಗಿಡ ಬದುಕಿತೇ ಎಂಬ ಕಾಲಮ್ಮು ಇರಲಿಲ್ಲ, ಪುಣ್ಯ.
ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ
ನೂರು ಮಂದಿ ಒಂದೇ ಉಸಿರಿನಲ್ಲಿ
ಸಂಸ್ಥೆಯ ದೂರದೃಷ್ಟಿ ಒಪ್ಪಿಸುತ್ತಿದ್ದರು;
ಕನ್ನಡಕ ಮರೆತು ಬಂದ ದಿನ
ನಾನು ಸುಮ್ಮನೆ ತುಟಿ ಆಡಿಸಿದೆ.

ಹಿಂದಿನ ರಾತ್ರಿ, ಪಾಠಯೋಜನೆಗಳ ಕಟ್ಟಿನಲ್ಲಿ,
ಉಚ್ಚಂಗೆಮ್ಮಳ ಹಾಳೆ.
ಮಂಡಕ್ಕಿ ಭಟ್ಟಿಗಳ ಹಿಂದಿನ ಸರ್ಕಾರಿ ಶಾಲೆ,
ಐದನೇ ತರಗತಿ, ಘಟಕ: ಅಳತೆ.
ಉದ್ದೇಶ, ಪೀಠಿಕೆ, ಮೌಲ್ಯಮಾಪನ,
ಸ್ಕೇಲು ಇಟ್ಟು ಎಳೆದ ಗೆರೆಗಳು.
ಕೊನೆಗೆ 'ಆತ್ಮಾವಲೋಕನ' ಎಂಬ ಚೌಕ,
ಎಲ್ಲರೂ 'ಪಾಠ ಯಶಸ್ವಿಯಾಯಿತು' ಎಂದು ಬರೆಯುವ ಜಾಗ.
ಅಲ್ಲಿ ಅವಳು:

"ಪಾಠ ಆಗಲಿಲ್ಲ.
ಒಂದು ಸೇರು ಅಕ್ಕಿ ಹುರಿದರೆ ಎಷ್ಟು ಸೇರು ಮಂಡಕ್ಕಿ ಎಂದೆ.
ಉತ್ತರ ನನಗೇ ಗೊತ್ತಿರಲಿಲ್ಲ.
ಕೊನೇ ಸಾಲಿನ ಖಾಜಾಮೈನು, ತೋಳೆಲ್ಲ ಮಸಿ, ಎದ್ದು ನಿಂತ.
ಉಸುಕು ಎಷ್ಟು ಕಾದೈತಿ ಅದರ ಮ್ಯಾಲೆ ಟೀಚರ್, ಅಂದ.
ಕಾದದ್ದು ಹೆಂಗೆ ಗೊತ್ತಾಗುತ್ತೆ?
ಸದ್ದಿನಾಗೆ ಗೊತ್ತಾಕ್ಕತಿ. ನಮ್ ಅಬ್ಬಾ
ಕಣ್ಣು ಮುಚ್ಚಿಕೊಂಡೇ ಜರಡಿ ಎತ್ತತಾರ.
ನಾನು ಕೇಳಿದೆ. ಗಂಟೆ ಹೊಡೆಯಿತು.
ಇನ್ನೂ ಕೇಳುತ್ತಿದ್ದೇನೆ."

ನನ್ನ ಕೆಂಪು ಪೆನ್ನು ಅಂದೇ ಅಡಿಗೆರೆ ಎಳೆದಿತ್ತು:
ಸ್ಪಷ್ಟತೆ ಇಲ್ಲ.
ಪ್ರಶ್ನೆ ಕೇಳಿದೆಯೋ? ಮಾತು ಕೇಳಿದೆಯೋ?
ಹತ್ತಕ್ಕೆ ನಾಲ್ಕು.

ಹಾಳೆಯನ್ನು ತೆಗೆದೆ.
ಪ್ರಿನ್ಸಿಪಾಲರು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.
ತೂತು ಹರಿಯದ ಹಾಗೆ ಮೆಲ್ಲಗೆ ಬಿಡಿಸಿ
ನಾಲ್ಕು ಮಡಿಕೆ ಮಾಡಿ
ಬ್ಯಾಗಿನಲ್ಲಿ ಬಿ.ಪಿ. ಮಾತ್ರೆಯ ಪಕ್ಕಕ್ಕಿಟ್ಟೆ.
ಪುಟಸಂಖ್ಯೆ ಮತ್ತೆ ಬರೆದೆ, ನೂರ ಹನ್ನೆರಡರಿಂದ ಕೊನೆಯವರೆಗೆ.

ಎಸ್ಟೋನಿಯಾದ ಮಾರ್ಗಿಟ್ ಮೇಡಂ
ಹಸಿರು ಫೈಲನ್ನು ಒಂದೊಂದೇ ಹಾಳೆ ತಿರುವಿದರು.
ನಾಲ್ಕು ಗಂಟೆಗೆ ಮಿರ್ಚಿ ಮಂಡಕ್ಕಿ ಬಂತು.
ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಅಂದರು:
ಇಲ್ಲಿ ಎಲ್ಲ ಪಾಠವೂ ಗೆದ್ದಿದೆ.
ಸೋತದ್ದು ಒಂದಾದರೂ ತೋರಿಸುತ್ತೀರಾ?
ಪ್ರಿನ್ಸಿಪಾಲರು ನನ್ನನ್ನು ನೋಡಿದರು,
ನಾನು ಫ್ಯಾನು ನೋಡಿದೆ.
ಹಾಗೇನೂ ಇಲ್ಲ ಮೇಡಂ.
ಬ್ಯಾಗು ತೊಡೆಯ ಮೇಲೇ ಇತ್ತು.
ಅವರು ಏನೋ ಒಂದು ಸಾಲು ಬರೆದುಕೊಂಡು
ಮತ್ತೊಂದು ಹಿಡಿ ಮಂಡಕ್ಕಿ ತೆಗೆದುಕೊಂಡರು.

ಮಾನ್ಯತೆ ಬಂತು, ಐದು ವರ್ಷಕ್ಕೆ.
ಗೇಟಿಗೆ ಫ್ಲೆಕ್ಸು, ಅದರ ಮೂಲೆಯಲ್ಲಿ
ಅಂಚೆಚೀಟಿಯಷ್ಟು ನಾನೂ ಇದ್ದೆ.
ಉಚ್ಚಂಗೆಮ್ಮ ಈಗ ಜಗಳೂರಿನ ಕಡೆ ಅತಿಥಿ ಶಿಕ್ಷಕಿ,
ಮೂರು ತಿಂಗಳಿಗೊಮ್ಮೆ ಸಂಬಳ.
ಫೋನು ಮಾಡಿದ್ದಳು. ಅಭಿನಂದನೆ ಮೇಡಂ, ಅಂದಳು.
ಹಾಳೆಯ ಮಾತು ಅವಳು ಎತ್ತಲಿಲ್ಲ,
ನೆನಪಿದೆಯೋ ಇಲ್ಲವೋ.

ಮೊನ್ನೆ ಭಾನುವಾರ ನಸುಕಿಗೇ
ಭಟ್ಟಿಗಳ ಓಣಿಗೆ ಹೋದೆ.
ತಗಡಿನ ಗೋಡೆ, ಹೊಟ್ಟಿನ ಹೊಗೆ,
ಒಳಗೆ ಬಾಣಲೆಯಲ್ಲಿ ಅಕ್ಕಿ ಸಿಡಿಯುವ ಸದ್ದು.
ಕಣ್ಣು ಮುಚ್ಚಿ ನಿಂತೆ.
ಈಗ ಆಯಿತು ಅಂದುಕೊಂಡೆ, ಆಗಿರಲಿಲ್ಲ.
ಈಗ, ಅಂದುಕೊಳ್ಳುವಷ್ಟರಲ್ಲಿ
ಯಾರೋ ಜರಡಿ ಎತ್ತಿಯಾಗಿತ್ತು.
ಹಿಂದಿನಿಂದ ಆಟೊದವನು ಹಾರನ್ನು ಹೊಡೆದ:
ಸರೀರಿ ಮೇಡಂ, ದಾರಿ ಬಿಡ್ರಿ.