ಲೆವೆಲ್

ನವನಗರದಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಖೋಲಿ,
ಸಂಜೆ ಏಳಕ್ಕೆ ನನ್ನ ಇಂಗ್ಲಿಷ್ ಕ್ಲಾಸು.
ಇವತ್ತಿನ ಹಾಳೆ: ಪರಿಸರ ಮತ್ತು ಹವಾಮಾನ, ನಲವತ್ತು ಶಬ್ದ.
ಕೆಳಗಿನಿಂದ ಬಂದ ಪ್ರತಿಗಳು ಕೈಗೆ ಇನ್ನೂ ಬಿಸಿ.

ಎಮಿಷನ್ ಎಂದು ಬೋರ್ಡಿನ ಮೇಲೆ ಬರೆದೆ.
ಬಾದಾಮಿ ಬಸ್ಸಿನ ಕಂಡಕ್ಟರ್ ಗುರುಸಿದ್ಧ ಹೂಗಾರ,
ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದವನು,
"ಹೊಗಿ ಅನ್ರಿ, ಮುಗೀತು.
ರೊಕ್ಕ ಕೊಟ್ರ ಸರ್ಟಿಫಿಕೇಟಿನ್ಯಾಗ ಅದೂ ಇರೂದಿಲ್ಲ" ಎಂದ.
ನಕ್ಕೆವು. ಕರೆಂಟು ಹೋಗಿ ಬಂತು.

ಸಸ್ಟೇನಬಲ್ ಎಂದರೆ ಸುಸ್ಥಿರ ಎಂದು ಬರೆಸಿದೆ.
ಬರೆಸಿದ ಮೇಲೆ ನನಗೇ ಅನುಮಾನ.
ಈ ಸುಸ್ಥಿರವನ್ನು ಯಾರ ಬಾಯಲ್ಲೂ ಕೇಳಿಲ್ಲ,
ಸಂತೆಯಲ್ಲಿ, ದವಾಖಾನೆಯಲ್ಲಿ, ಜಗಳದಲ್ಲಿ.
ಜಗಳದಲ್ಲಿ ಒದಗದ ಶಬ್ದ
ಇನ್ನೂ ಊರೊಳಗೆ ಬಂದಿಲ್ಲ ಎಂದೇ ನನ್ನ ಲೆಕ್ಕ.
ರುಕ್ಸಾನಾ ಬಾಗವಾನ, ನರ್ಸಿಂಗ್ ಎರಡನೇ ವರ್ಷ, ಮೆಲ್ಲಗೆ:
"ಹಿಟ್ಟಿನ ಡಬ್ಬಿ ತಳಾ ಕಾಣೂಕಿಂತ ಮೊದಲ
ಕೈ ಬಿಗಿ ಹಿಡಿ ಅಂತಾಳ್ರಿ ನಮ್ಮಮ್ಮ. ಅದ ಏನ್ರಿ ಇದು?"
ಇರಬಹುದು.
ಹಾಳೆಯ ಅಂಚಿನಲ್ಲಿ ಹಿಟ್ಟಿನ ಡಬ್ಬಿ ಎಂದು ಬರೆದುಕೊಂಡೆ.

ಆಮೇಲೆ ಸೀ ಲೆವೆಲ್ ರೈಸ್.
ಸಮುದ್ರ ಇಲ್ಲಿಂದ ಒಂದು ರಾತ್ರಿಯ ಬಸ್ಸು,
ಕ್ಲಾಸಿನ ಅರ್ಧ ಮಂದಿ ನೋಡಿಲ್ಲ.
ಅಲೆ ಬರೆಯಲೆಂದು ಚಾಕ್‌ಪೀಸ್ ಎತ್ತಿದೆ.
"ಲೆವೆಲ್ ಬಿಡ್ರಿ ಮೇಡಮ್, ಗೊತ್ತೈತಿ."
ಹಿಂದಿನ ಬೆಂಚು, ಯಲ್ಲವ್ವ ಅಂಬಿಗೇರ.
"ಐನೂರಾ ಹತ್ತೊಂಬತ್ತು ಪಾಯಿಂಟ್ ಆರು.
ಇನ್ನ ಐನೂರಾ ಇಪ್ಪತ್ನಾಕಕ್ಕ ಏರಸ್ತಾರಂತ."
ಬಾಯಿಪಾಠ ಒಪ್ಪಿಸುವ ಹಾಗಲ್ಲ,
ಮನೆ ನಂಬರು ಹೇಳುವ ಹಾಗೆ.

ನಾನು ಧಾರವಾಡದವಳು. ಬಂದು ಮೂರು ವರ್ಷ.
ಇಲ್ಲಿ ರಸ್ತೆಗಳೇಕೆ ಇಷ್ಟು ನೇರ ಎಂದು
ಒಮ್ಮೆಯೂ ಕೇಳಿರಲಿಲ್ಲ.

ಹಾಳೆ ಕೈಬಿಟ್ಟಿತು.
ಬ್ಯಾಕ್‌ವಾಟರ್, ಸರ್ವೆ, ಕಾಂಟೂರ್, ನೋಟಿಸು,
ಒಬ್ಬರ ಮಾತಿನ ಮೇಲೆ ಒಬ್ಬರು.
ಫೀಸು ಕೊಟ್ಟು ಕಲಿತ ಇಂಗ್ಲಿಷ್ ಅಲ್ಲ ಇದು,
ಅಕ್ಷರ ಬಾರದ ಆಯಿಗಳು
ಹೆಬ್ಬೆಟ್ಟಿನ ಮಸಿ ಸೆರಗಿಗೆ ಒರಸುತ್ತ ಕಲಿತದ್ದು.
ಅವಾರ್ಡ್ ಎಂದರೆ? ಕೇಳಿದವಳು ನಾನೇ.
ನನ್ನ ಪುಸ್ತಕದಲ್ಲಿ ಅದು ಬಹುಮಾನ.
"ಮನಿ ಹೋದದ್ದಕ್ಕ ಕೊಟ್ಟ ರೊಕ್ಕರಿ."

"ನಮ್ಮಪ್ಪ ಈಗ ನಮ್ಮ ಓಣಿ ಮ್ಯಾಲ ಬಲಿ ಬಿಡ್ತಾನ್ರಿ,"
ಯಲ್ಲವ್ವ ಹೇಳಿದಳು, ಪೆನ್ನಿನ ಟೋಪಿ ಕಚ್ಚುತ್ತ.
"ಗಿರಣಿ ಇದ್ದಲ್ಲಿ ಮೀನ ಛಲೋ ಬೀಳತಾವ.
ಬಲಿ ಸಿಕ್ಕೊಂಡ್ರ, ಜಗ್ಗಿದ ಕೂಡ್ಲೆ ಹೇಳತಾನ
ಯಾರ ಮನಿ ಗ್ವಾಡಿ ಅಂತ.
ಒಮ್ಮೊಮ್ಮೆ ಅವರನ್ನ ಬೈತಾನ್ರಿ, ಹೆಸರ ಹಿಡದು."

ಯಾರೂ ನಗಲಿಲ್ಲ. ಮತ್ತೆ ಎಲ್ಲರೂ ನಕ್ಕರು.

ಅಡಾಪ್ಟೇಷನ್ ಉಳಿಯಿತು, ಮಿಟಿಗೇಷನ್ ಉಳಿಯಿತು,
ಇಪ್ಪತ್ತೊಂಬತ್ತು ಶಬ್ದ ಉಳಿದವು.
ತೋಚಿದ್ದೊಂದು ವಾಕ್ಯ ಬರೆದು ತನ್ನಿ ಎಂದು ಕಳಿಸಿದೆ.

ಈಗ ರಾತ್ರಿ, ಮುಂದೆ ಅವರ ನೋಟುಪುಸ್ತಕಗಳು.
ಗುರುಸಿದ್ಧನದು ಗೈಡಿನಿಂದ ಎತ್ತಿದ್ದು, ಒಂದೂ ತಪ್ಪಿಲ್ಲ.
ಯಲ್ಲವ್ವನದು ಗುಂಡಗಿನ ಅಕ್ಷರ:
ದ ವಾಟರ್ ಕಮ್ ಅವರ್ ಹೌಸ್.
ಟು ಬಿಟ್ಟಿದ್ದಾಳೆ, ಅದು ಸುಲಭ, ಸೇರಿಸಿದೆ.
ಕಮ್ ಎಂಬಲ್ಲಿ ಕೆಂಪು ಪೆನ್ನು ನಿಂತಿತು.
ಬಂತು ಎಂದು ತಿದ್ದಲೋ,
ಬರುತ್ತದೆ ಎಂದೋ,
ಅವರು ಈಗಿರುವುದು ಯಾವ ಮನೆ, ಎಷ್ಟು ಎತ್ತರದಲ್ಲಿ,
ಕೇಳಬೇಕಿತ್ತು.
ಹಾಗೇ ಬಿಟ್ಟಿದ್ದೇನೆ. ನಾಳೆ ಮಾರ್ಕು ಕೇಳಿದರೆ
ಏನೆನ್ನಬೇಕೋ, ನೋಡಬೇಕು.