ಸೋಂಪಿನ ತಟ್ಟೆ

ಬಿಜೈಯ ಸೂಪರ್ ಮಾರ್ಕೆಟ್ಟಿನಲ್ಲಿ ಈಗ
ಬಿಲ್ಲು ಹಾಕುವವರಿಲ್ಲ. ಮೂರು ಯಂತ್ರ ಉಂಟು,
ಒಂದು ಯಾವಾಗಲೂ ಹಾಳು.

ಬುಟ್ಟಿ ಹೊತ್ತು ತಂದದ್ದು ನಾನು.
ಮಟ್ಟುಗುಳ್ಳ ತೂಗಿ ಚೀಟಿ ಅಂಟಿಸಿದ್ದು ನಾನು.
ಕುಚ್ಚಲಕ್ಕಿಯ ಚೀಲವನ್ನು ಮಗುವಿನ ಹಾಗೆ ಮಗುಚಿ
ಬೆನ್ನಿನ ಕಪ್ಪು ಗೆರೆಗಳನ್ನು
ಕೆಂಪು ಬೆಳಕಿಗೆ ತೋರಿಸಿದ್ದು,
ಅದು ಕೂಗದಿದ್ದಾಗ ಇನ್ನೊಮ್ಮೆ ತೋರಿಸಿದ್ದು,
ಎಲ್ಲ ನಾನೇ. ಕೈಚೀಲವೂ ಮನೆಯದ್ದು.

ಮುಗಿದ ಮೇಲೆ ಪರದೆ ಕೇಳಿತು:
ನಮ್ಮ ಸೇವೆ ಇಷ್ಟವಾಯಿತೆ?
ಶೇಕಡಾ ಐದು, ಹತ್ತು, ಹದಿನೈದು.
ಕೆಳಗೆ, ಇರುವೆಯಷ್ಟು ಸಣ್ಣಕ್ಕೆ,
ಈಗ ಬೇಡ.

ಸೇವೆಯಾ? ಎಂತ ಸೇವೆ ಮಾರಾಯ?
ದೇವಸ್ಥಾನದಲ್ಲಿ ಕೂಡ
ಸೇವೆಗೆ ಮೊದಲೇ ದರಪಟ್ಟಿ ತೂಗುಹಾಕಿರುತ್ತಾರೆ.

ನಗು ಬರಬೇಕಿತ್ತು. ಬರಲಿಲ್ಲ.
ಹಂಪನಕಟ್ಟೆಯ ಹೋಟೆಲಿನಲ್ಲಿ ಇಪ್ಪತ್ತಾರು ವರ್ಷ
ನಾನು ಸಪ್ಲೈಯರ್. ಒಂದೇ ಕೈಯಲ್ಲಿ ನಾಲ್ಕು ಗ್ಲಾಸು ನೀರು,
ಬೆರಳು ನೀರಿಗೆ ತಾಗದ ಹಾಗೆ.
ಏಳನೇ ಮೇಜಿಗೆ ಬನ್ಸು, ಒಂಬತ್ತಕ್ಕೆ ಗೋಳಿಬಜೆ,
ಮೂಲೆಯ ವಕೀಲರಿಗೆ ಸಕ್ಕರೆ ಹಾಕದ ಕಾಫಿ,
ಬಿಲ್ಲು ಬಾಯಲ್ಲೇ.

ಕೊನೆಗೆ ಸೋಂಪಿನ ತಟ್ಟೆ.
ಉಳಿದ ಚಿಲ್ಲರೆ ಅದರಲ್ಲಿಟ್ಟು
ಎರಡು ಹೆಜ್ಜೆ ಹಿಂದೆ ಸರಿದು
ಗೋಡೆಯ ಕ್ಯಾಲೆಂಡರ್ ನೋಡಬೇಕು.
ಯಾರೂ ಕಲಿಸದ ವಿದ್ಯೆ ಅದು,
ಬೇಕು ಅನ್ನದೆ ನಿಲ್ಲುವುದು.
ಕೆಲವರು ನೋಟು ಎತ್ತಿಕೊಂಡು ನಾಣ್ಯ ಬಿಡುವರು,
ಕೆಲವರು ಸೋಂಪನ್ನೂ ಬಿಡರು.
ಕೊಂಕಣಿ ಮಾತಾಡುವ ಒಬ್ಬರು ಮೇಷ್ಟ್ರು
ಎಂಟಾಣೆಯನ್ನು ಸೋಂಪಿನ ಅಡಿಯಲ್ಲಿ ಹೂತಿಟ್ಟು ಹೋಗುವರು,
ಕೊಟ್ಟದ್ದು ತನಗೇ ಕಾಣಬಾರದು ಎಂಬಂತೆ.
ರಾತ್ರಿ ಎಲ್ಲವನ್ನೂ ಡಬ್ಬಿಗೆ ಸುರಿದು ಹಂಚುವಾಗ
ಪಾತ್ರೆ ತೊಳೆಯುವ ಲಿಂಗಪ್ಪಣ್ಣನಿಗೂ ಒಂದು ಪಾಲು.

ಈ ಯಂತ್ರಕ್ಕೆ ಕ್ಯಾಲೆಂಡರ್ ಇಲ್ಲ.
ನೆಟ್ಟ ಕಣ್ಣು ನೆಟ್ಟ ಹಾಗೆಯೇ ನನ್ನನ್ನು ನೋಡುತ್ತದೆ.
ಹಿಂದಿನವರ ಗಾಡಿ ನನ್ನ ಹಿಮ್ಮಡಿಗೆ ತಾಗುತ್ತದೆ.

ಆಗಲೇ ಒಂದು ಸುಳ್ಳು ಹೇಳಿದೆ.
ಅಕ್ಕಿಚೀಲ ಎರಡನೇ ಸಲವೂ ಕೂಗಲಿಲ್ಲ.
ಹಸಿರು ಏಪ್ರನ್ನಿನ ಹುಡುಗಿ ಬಂದು
ಚೀಲದ ಸುಕ್ಕನ್ನು ಅಂಗೈಯಲ್ಲಿ ಸವರಿದಳು,
ಕೂಗಿತು. ಎದೆಯ ಪಟ್ಟಿಯಲ್ಲಿ ನಿಶ್ಮಿತಾ ಎಂದಿತ್ತು.
ಒಂಬತ್ತರಿಂದ ನಿಂತಿದ್ದಾಳಂತೆ.
ಯಂತ್ರಗಳಿಗೆ ಕಟ್ಟೆ ಉಂಟು,
ಅವಳಿಗೆ ಕುರ್ಚಿ ಇಲ್ಲ.

“ಇದು ಒತ್ತಿದರೆ ನಿಂಗೆ ಸಿಗ್ತದಾ ಮಗಾ?”
“ಗೊತ್ತಿಲ್ಲ ಅಂಕಲ್. ಮೊನ್ನೆ ಅಪ್‌ಡೇಟ್ ಆದ ಮೇಲೆ
ಎಲ್ಲರ ಹತ್ರವೂ ಕೇಳ್ತಾ ಉಂಟು.”

ಕಿಸೆಯಿಂದ ಹತ್ತರ ನೋಟು ತೆಗೆದೆ.
ಅವಳು ಮಾತಾಡಲಿಲ್ಲ, ಹುಬ್ಬು ಮಾತ್ರ ಎತ್ತಿದಳು.
ಮೇಲೆ, ಬಟ್ಟಲು ಕವುಚಿದ ಹಾಗೆ,
ಕಪ್ಪು ಕ್ಯಾಮರಾ.
ಈ ಅಂಗಡಿಯಲ್ಲಿ ಸೋಂಪೂ ಇಡುವುದಿಲ್ಲ,
ಅಡಗಿಸುವುದೆಲ್ಲಿ?

ಈಗ ಬೇಡ ಒತ್ತಿದೆ.
ಬೆರಳಿನ ತುದಿಯಲ್ಲಿ
ಇರುವೆ ಸತ್ತ ಹಾಗಾಯಿತು.

ಚೀಟಿ ಸರ್ರನೆ ಹೊರಬಂತು: ಗುಳ್ಳ, ಅಕ್ಕಿ, ಸಾಬೂನು.
ಎಲ್ಲಕ್ಕಿಂತ ಕೆಳಗೆ, ದಪ್ಪಗೆ,
ಟಿಪ್ಸ್: 0.00.
ಪೈಸೆಗೂ ಎರಡು ಸೊನ್ನೆ.
ಡಬ್ಬಿಗೆ ಬಿದ್ದದ್ದನ್ನು ಎಣಿಸಿದವರು ನಾವು.
ಕೊಡದೆ ಎದ್ದುಹೋದವರ ಲೆಕ್ಕವನ್ನು
ಲಿಂಗಪ್ಪಣ್ಣ ಕೂಡ ಬರೆದಿಟ್ಟವನಲ್ಲ.

ಬಸ್ಸಿನಲ್ಲಿ ಆ ಹತ್ತರ ಜೊತೆ ಇನ್ನೊಂದು ಹತ್ತು ಕೊಟ್ಟೆ.
ಕಂಡಕ್ಟರ್ ಹುಡುಗ ಚೀಲ ಕುಲುಕಿ
“ಎರಡು ರೂಪಾಯಿ ಮತ್ತೆ ಕೊಡ್ತೇನೆ ಅಣ್ಣೆರೆ” ಎಂದ,
ಹಿಂದಿನ ಬಾಗಿಲಿಗೆ ಹೋದ,
ಕದ್ರಿ ದಾಟುವಾಗ ಮುಂದೆ ಬಂದ,
ನನ್ನ ಸೀಟಿನ ಹತ್ತಿರ ಒಂದು ಗಳಿಗೆ ತಡೆದ.

ನಾನು ಕಿಟಕಿಯ ಹೊರಗೆ
ಕ್ಯಾಲೆಂಡರ್ ನೋಡುತ್ತಿದ್ದೆ.